ನಡುವೆ ನಿಂತು ಬುಡ ಅಲುಗಿಸುವ ರಾಜಕಾರಣ

2017ರ ಮೇ 7ರ ರಾತ್ರಿ. ಪ್ಯಾರಿಸ್‌ನ ಲೂವ್ರ್ ಅರಮನೆಯ ಅಂಗಳದಲ್ಲಿ ಸಾವಿರಾರು ಮಂದಿ ಬಾವುಟ ಹಿಡಿದು ಕಾದಿದ್ದಾರೆ. ಧ್ವನಿವರ್ಧಕಗಳಲ್ಲಿ ಬೀಥೋವನ್‌ನ ಸಂಗೀತ ಮೊಳಗುತ್ತಿದೆ. ಹಳೆಯ ಅರಮನೆಯ ಗೋಡೆಗಳ ನಡುವೆ, ಬೆಳಕು ಬಿದ್ದ ಹಾದಿಯಲ್ಲಿ, ಕಡುಬಣ್ಣದ ಕೋಟು ತೊಟ್ಟ ವ್ಯಕ್ತಿಯೊಬ್ಬರು ಒಬ್ಬರೇ ನಿಧಾನವಾಗಿ ನಡೆದು ಬರುತ್ತಾರೆ. ಹಿಂದೆ ಪಕ್ಷದ ಹಿರಿಯರಿಲ್ಲ, ಮುಂದೆ ಜೈಕಾರ ಕೂಗಿಸುವವರಿಲ್ಲ. ಯುರೋಪಿನ ಜನ ಟಿ.ವಿ. ಮುಂದೆ ಕೂತು ಆ ನಡಿಗೆಯನ್ನು ನೋಡುತ್ತಾರೆ.

ಅವರು ಇಮ್ಯಾನುಯೆಲ್ ಮ್ಯಾಕ್ರನ್. ವಯಸ್ಸು 39. ಅದಕ್ಕೆ ಮೊದಲು ಯಾವ ಚುನಾವಣೆಯಲ್ಲೂ ಗೆದ್ದು ಬಂದವರಲ್ಲ. ಅವರ ಪಕ್ಷ ಹುಟ್ಟಿ ಹದಿಮೂರು ತಿಂಗಳಾಗಿತ್ತು, ಅಷ್ಟೆ. ಆದರೂ ಅಂದು ಶೇ 66ರಷ್ಟು ಮತ ಪಡೆದು ಫ್ರಾನ್ಸಿನ ಅಧ್ಯಕ್ಷರಾದರು. ದಶಕಗಳ ಕಾಲ ಸರದಿಯ ಮೇಲೆ ದೇಶ ಆಳಿದ್ದ ಸಮಾಜವಾದಿ ಎಡ ಮತ್ತು ಸಾಂಪ್ರದಾಯಿಕ ಬಲ, ಎರಡೂ ಬಣಗಳ ಅಭ್ಯರ್ಥಿಗಳು ಅಂತಿಮ ಸುತ್ತನ್ನೇ ತಲುಪಿರಲಿಲ್ಲ.

‘ನಾನು ಎಡವೂ ಅಲ್ಲ, ಬಲವೂ ಅಲ್ಲ’ ಎನ್ನುವ ರಾಜಕಾರಣಿಗಳನ್ನು ನಾವು ಸಾಕಷ್ಟು ಕಂಡಿದ್ದೇವೆ. ಮ್ಯಾಕ್ರನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು. ಎಡದಲ್ಲೂ ಸತ್ಯವಿದೆ, ಅದೇ ವೇಳೆ ಬಲದಲ್ಲೂ ಇದೆ. ಎರಡನ್ನೂ ಜೋಡಿಸಿ ದೇಶವನ್ನು ಬುಡದಿಂದ ಬದಲಿಸಬೇಕು ಎಂದರು. ಚುನಾವಣೆಗೆ ಮೊದಲು ಬರೆದ ಪುಸ್ತಕಕ್ಕೆ ‘ಕ್ರಾಂತಿ’ ಎಂದೇ ಹೆಸರಿಟ್ಟರು.

ರಾಜಕೀಯ ಚಿಂತನೆಯಲ್ಲಿ ಈ ನಿಲುವಿಗೆ ರ್‍ಯಾಡಿಕಲ್ ಸೆಂಟ್ರಿಸಂ ಎನ್ನುತ್ತಾರೆ. ನಾವು ಆಮೂಲಾಗ್ರ ನಡುಪಂಥ ಎನ್ನೋಣ. ಇದು ಎಲ್ಲಿಂದ ಬಂತು, ಹೇಗೆ ಕೆಲಸ ಮಾಡುತ್ತದೆ, ಅಷ್ಟು ಎತ್ತರಕ್ಕೆ ಏರಿದ್ದು ಏಕೆ ಮುಗ್ಗರಿಸಿತು? ಎರಡು ಪಂಗಡಗಳ ಕಿರುಚಾಟದ ನಡುವೆ ಬದುಕುತ್ತಿರುವ ಯಾವ ದೇಶದವರಿಗಾದರೂ ಇದು ತಿಳಿದಿರಬೇಕಾದ ಸಂಗತಿ.

ಕೂತ ಜಾಗದಿಂದ ಹುಟ್ಟಿದ ಪಂಥಗಳು

ಎಡ, ಬಲ ಎಂಬ ವಿಂಗಡಣೆ ಹುಟ್ಟಿದ್ದೂ ಫ್ರಾನ್ಸಿನಲ್ಲೇ. 1789ರ ಕ್ರಾಂತಿಯ ದಿನಗಳಲ್ಲಿ ರಾಷ್ಟ್ರೀಯ ಸಭೆ ಸೇರಿತ್ತು. ಸಭೆಯ ತೀರ್ಮಾನವನ್ನು ತಳ್ಳಿಹಾಕುವ ಅಧಿಕಾರ ದೊರೆಗೆ ಇರಬೇಕೇ ಎಂಬ ಚರ್ಚೆ ಎದ್ದಿತು. ಇರಲಿ ಎಂದವರು ಸಭಾಧ್ಯಕ್ಷರ ಬಲಕ್ಕೆ ಕೂತರು, ಬೇಡ ಎಂದವರು ಎಡಕ್ಕೆ ಸರಿದರು. ಕೂತ ಜಾಗವೇ ಮುಂದೆ ವಿಚಾರದ ಗುರುತಾಯಿತು.

ಕೆಲವು ವರ್ಷಗಳ ನಂತರದ ಕ್ರಾಂತಿಸಭೆಯಲ್ಲಿ ಯಾವ ಬಣಕ್ಕೂ ಸೇರದವರ ದೊಡ್ಡ ಗುಂಪೊಂದಿತ್ತು. ಅವರು ಕೆಳಗಿನ ಸಾಲುಗಳಲ್ಲಿ ಕೂರುತ್ತಿದ್ದುದರಿಂದ ‘ಬಯಲಿನವರು’ ಎಂಬ ಹೆಸರು ಬಂತು. ಆಗದವರು ‘ಜೌಗಿನವರು’ ಎಂದು ಹೀಗಳೆದರು. ನಡುವೆ ನಿಂತವರು ಅಡ್ಡಗೋಡೆಯ ಮೇಲೆ ದೀಪ ಇಡುವವರು, ಗಾಳಿ ಬಂದತ್ತ ತೂರಿಕೊಳ್ಳುವವರು ಎಂಬ ತಾತ್ಸಾರ ಅಂದಿನಿಂದ ಇಂದಿನವರೆಗೂ ಉಳಿದುಬಂದಿದೆ.

ಎರಡು ಶತಮಾನಗಳಲ್ಲಿ ಎಡವೆಂದರೆ ಸಮಾನತೆ, ದುಡಿಯುವವರ ಹಕ್ಕು, ಸರ್ಕಾರದ ಹೊಣೆ ಎಂದಾಯಿತು. ಬಲವೆಂದರೆ ಪರಂಪರೆ, ಖಾಸಗಿ ಆಸ್ತಿ, ಮಾರುಕಟ್ಟೆ, ವ್ಯಕ್ತಿಯ ಹೊಣೆಗಾರಿಕೆ ಎಂದಾಯಿತು. ಕಾರ್ಖಾನೆಯ ಕಾರ್ಮಿಕ ಒಂದು ಕಡೆ, ಮಾಲೀಕ ಇನ್ನೊಂದು ಕಡೆ ಇದ್ದ ಕಾಲದಲ್ಲಿ ಈ ಗೆರೆ ಸ್ಪಷ್ಟವಾಗಿತ್ತು. ಕಾರ್ಖಾನೆಗಳು ಮುಚ್ಚಿ, ಕೆಲಸದ ಸ್ವರೂಪ ಬದಲಾಗಿ, ಹವಾಮಾನ ಬಿಕ್ಕಟ್ಟಿನಂಥ ಹೊಸ ಪ್ರಶ್ನೆಗಳು ಎದುರಾದಾಗ ಹಳೆಯ ಎರಡು ಮನೆಗಳಲ್ಲಿ ತಮಗೆ ಜಾಗವಿಲ್ಲ ಎನ್ನುವವರ ಸಂಖ್ಯೆ ಬೆಳೆಯಿತು.

ಮೂರು ಬಗೆಯ ನಡು

ನಡುಪಂಥ ಎಂದೊಡನೆ ನಮಗೆ ನೆನಪಾಗುವುದು ರಾಜಿ. ಸಂತೆಯಲ್ಲಿ ಹತ್ತಕ್ಕೆ ಕೇಳಿದವರಿಗೂ ಇಪ್ಪತ್ತಕ್ಕೆ ಹೇಳಿದವರಿಗೂ ಹದಿನೈದಕ್ಕೆ ವ್ಯಾಪಾರ ಕುದುರಿಸಿದಂತೆ, ಎರಡು ಬೇಡಿಕೆಗಳನ್ನೂ ಅರ್ಧರ್ಧ ಕತ್ತರಿಸುವ ಕೆಲಸ ಅದು. ಸಂಸತ್ತು ನಡೆಯಲು ಇಂಥ ರಾಜಿ ಬೇಕು. ಆದರೆ ಅದು ಸಮಸ್ಯೆಯ ಬುಡಕ್ಕೆ ಹೋಗುವುದಿಲ್ಲ.

ಎರಡನೆಯದು ಅಭ್ಯಾಸದ ನಡು. ಇದ್ದದ್ದು ಇದ್ದಂತೆ ನಡೆಯಲಿ, ಯಾರನ್ನೂ ಕೆಣಕುವುದು ಬೇಡ ಎನ್ನುವ ನಿಲುವು. ಬದುಕು ಹಸನಾಗಿರುವವರಿಗೆ ಇದು ಹಿತ. ಬವಣೆಯಲ್ಲಿರುವವರಿಗೆ ಇದು ಮುಚ್ಚಿದ ಬಾಗಿಲು.

ಆಮೂಲಾಗ್ರ ನಡುಪಂಥ ಮೂರನೆಯದು. ಇಬ್ಬರೂ ಎಷ್ಟು ಕೇಳುತ್ತಿದ್ದಾರೆ ಎಂಬುದಕ್ಕಿಂತ, ಇಬ್ಬರೂ ಕಂಡ ಸತ್ಯ ಯಾವುದು ಎಂದು ಅದು ಮೊದಲು ವಿಚಾರಿಸುತ್ತದೆ. ಶಾಲಾ ಶಿಕ್ಷಣವನ್ನೇ ನೋಡಿ. ಬಡವರ ಶಾಲೆಗಳಿಗೆ ಹಣ ಸಾಲದು ಎಂದು ಎಡ ಹೇಳುತ್ತದೆ. ಹಣ ಸುರಿದರೆ ಸಾಲದು, ಸರಿಯಾಗಿ ಪಾಠ ಮಾಡದವರನ್ನು ಕೇಳುವವರು ಬೇಕು ಎಂದು ಬಲ ಹೇಳುತ್ತದೆ. ಎರಡೂ ನಿಜ.

ಅಮೆರಿಕದ ಲೇಖಕ ಮ್ಯಾಥ್ಯೂ ಮಿಲ್ಲರ್ 2003ರ ತಮ್ಮ ಪುಸ್ತಕದಲ್ಲಿ ಇದಕ್ಕೊಂದು ದಾರಿ ಸೂಚಿಸಿದರು. ಬಡ ಬಡಾವಣೆಗಳ ಶಾಲೆಗಳಲ್ಲಿ ಕಲಿಸುವವರ ಸಂಬಳವನ್ನು ಅರ್ಧದಷ್ಟು ಹೆಚ್ಚಿಸಬೇಕು. ಅದಕ್ಕೆ ಪ್ರತಿಯಾಗಿ, ಚೆನ್ನಾಗಿ ಕಲಿಸುವವರಿಗೆ ಹೆಚ್ಚು ಸಂಬಳ ಕೊಡುವುದನ್ನೂ ಕಲಿಸದವರನ್ನು ತೆಗೆದುಹಾಕುವುದನ್ನೂ ಶಿಕ್ಷಕರ ಸಂಘಗಳು ಒಪ್ಪಬೇಕು. ಇಲ್ಲಿ ಎಡದ ಬೇಡಿಕೆಯನ್ನು ಕತ್ತರಿಸಿಲ್ಲ, ಬಲದ್ದನ್ನೂ ಕತ್ತರಿಸಿಲ್ಲ. ಎರಡನ್ನೂ ಪೂರ್ತಿಯಾಗಿ ಎತ್ತಿಕೊಂಡು ಒಂದಕ್ಕೊಂದು ಕಟ್ಟಲಾಗಿದೆ. ಈ ಪಂಥದ ಮಾದರಿ ಉಪಾಯ ಇಂಥದ್ದು.

ಸಿಟ್ಟಿನಿಂದ ಸಿದ್ಧಾಂತಕ್ಕೆ

ಈ ವಿಚಾರಕ್ಕೆ ಅಮೆರಿಕದಲ್ಲಿ ಎರಡು ಬೇರುಗಳಿವೆ. ಒಂದು ಜನರ ಸಿಟ್ಟು. ಸಮಾಜಶಾಸ್ತ್ರಜ್ಞ ಡೊನಾಲ್ಡ್ ವಾರೆನ್ 1976ರಲ್ಲಿ ‘ದಿ ರ್‍ಯಾಡಿಕಲ್ ಸೆಂಟರ್’ ಎಂಬ ಪುಸ್ತಕ ಪ್ರಕಟಿಸಿದರು. ಶ್ರೀಮಂತರೂ ತಮ್ಮನ್ನು ಲೆಕ್ಕಕ್ಕೆ ಇಟ್ಟಿಲ್ಲ, ಬಡವರಿಗಾಗಿ ಇರುವ ಯೋಜನೆಗಳೂ ತಮ್ಮನ್ನು ತಲುಪುತ್ತಿಲ್ಲ ಎಂದು ಕುದಿಯುತ್ತಿದ್ದ ನಡುವಿನ ವರ್ಗವೊಂದನ್ನು ಅವರು ಗುರುತಿಸಿದ್ದರು.

ಆ ಕುದಿ 1992ರಲ್ಲಿ ಮತಪೆಟ್ಟಿಗೆಗೆ ಬಂತು. ಟೆಕ್ಸಸ್‌ನ ಉದ್ಯಮಿ ರಾಸ್ ಪೆರೋ ಯಾವ ಪಕ್ಷದ ಬೆಂಬಲವೂ ಇಲ್ಲದೆ ಅಧ್ಯಕ್ಷ ಸ್ಥಾನಕ್ಕೆ ನಿಂತರು. ದೇಶದ ಸಾಲದ ಲೆಕ್ಕವನ್ನು ನಕ್ಷೆಗಳಲ್ಲಿ ಬರೆದು, ಟಿ.ವಿ.ಯಲ್ಲಿ ಅರ್ಧರ್ಧ ಗಂಟೆ ಸಮಯ ಖರೀದಿಸಿ ಜನರಿಗೆ ವಿವರಿಸಿದರು. ಶೇ 18.9ರಷ್ಟು ಮತ ಬಂತು. ಆದರೆ ಅಲ್ಲಿ ಗೆಲುವು ನಿರ್ಧಾರವಾಗುವುದು ರಾಜ್ಯವಾರು ಎಲೆಕ್ಟರ್‌ಗಳ ಲೆಕ್ಕದಲ್ಲಿ. ಐವರಲ್ಲಿ ಒಬ್ಬರು ಮತ ಕೊಟ್ಟರೂ ಪೆರೋ ಅವರಿಗೆ ಒಬ್ಬ ಎಲೆಕ್ಟರ್ ಕೂಡ ಸಿಗಲಿಲ್ಲ.

ಇನ್ನೊಂದು ಬೇರು ಚಿಂತಕರದು. ಮಾರ್ಕ್ ಸಾಟಿನ್ ಅವರ ಬದುಕೇ ಇದಕ್ಕೆ ಉದಾಹರಣೆ. ವಿಯೆಟ್ನಾಂ ಯುದ್ಧಕ್ಕೆ ಹೋಗಲೊಪ್ಪದೆ 1967ರಲ್ಲಿ ಕೆನಡಾಕ್ಕೆ ವಲಸೆ ಹೋದ ಯುವಕ ಅವರು. ತಮ್ಮಂತೆ ಗಡಿ ದಾಟಿ ಬರುವ ಹುಡುಗರಿಗೆ ಕೈಪಿಡಿಯನ್ನೂ ಸಿದ್ಧಪಡಿಸಿದರು. ಹಳೆಯ ಎಡ–ಬಲ ಎರಡರಿಂದಲೂ ಬೇಸತ್ತು, ವಕೀಲಿ ಓದಿ, ದಶಕಗಳ ಹುಡುಕಾಟದ ನಂತರ 2004ರಲ್ಲಿ ‘ರ್‍ಯಾಡಿಕಲ್ ಮಿಡಲ್’ ಎಂಬ ಪುಸ್ತಕ ಬರೆದರು. ಎಲ್ಲರಿಗೂ ಬದುಕಿನಲ್ಲಿ ನ್ಯಾಯವಾದ ಆರಂಭ ಸಿಗಬೇಕು, ಎಲ್ಲರಿಗೂ ಆಯ್ಕೆಗಳು ಹೆಚ್ಚಬೇಕು ಎಂಬುದು ಅವರ ವಾದದ ತಿರುಳು. ಮೊದಲನೆಯದು ಎಡದವರ ಮಾತು, ಎರಡನೆಯದು ಬಲದವರದು. ಒಂದಿಲ್ಲದೆ ಇನ್ನೊಂದು ಪೊಳ್ಳು ಎಂದು ಸಾಟಿನ್ ನಂಬಿದರು.

ಅದಕ್ಕೂ ಮೊದಲು, 2001ರಲ್ಲಿ, ಟೆಡ್ ಹಾಲ್‌ಸ್ಟೆಡ್ ಮತ್ತು ಮೈಕೆಲ್ ಲಿಂಡ್ ವಾರೆನ್ ಬಳಸಿದ್ದ ಹೆಸರಿನಲ್ಲೇ ಪುಸ್ತಕ ಬರೆದು ಈ ಪಂಥಕ್ಕೆ ಕಾರ್ಯಕ್ರಮದ ರೂಪ ಕೊಟ್ಟಿದ್ದರು. ಕೈಗಾರಿಕಾ ಯುಗಕ್ಕೆಂದು ಕಟ್ಟಿದ ಸಂಸ್ಥೆಗಳು ಮಾಹಿತಿ ಯುಗಕ್ಕೆ ಹೊಂದುತ್ತಿಲ್ಲ, ತೇಪೆ ಹಾಕುವ ಬದಲು ಹೊಸದಾಗಿ ಕಟ್ಟಬೇಕು ಎಂದು ವಾದಿಸಿದರು. ಮತದಾರರು ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಆದ್ಯತೆ ಕೊಡುವ ಮತದಾನವನ್ನು ಶಿಫಾರಸು ಮಾಡಿದರು. ಅಂಥ ಪದ್ಧತಿ ಈಗ ಅಮೆರಿಕದ ಮೇಯ್ನ್, ಅಲಾಸ್ಕ ರಾಜ್ಯಗಳಲ್ಲಿ ಬಳಕೆಯಲ್ಲಿದೆ.

ಬಲದ ಉಪಾಯ, ಎಡದ ಗುರಿ

ನಡುಪಂಥೀಯ ಯೋಜನೆಯೊಂದು ಜಾರಿಯಾದರೆ ಏನಾಗುತ್ತದೆ? ಅಮೆರಿಕದ ಆರೋಗ್ಯ ವಿಮೆಯ ಕಥೆ ಇದಕ್ಕೆ ಒಳ್ಳೆಯ ಪಾಠ.

ಪ್ರತಿಯೊಬ್ಬರಿಗೂ ಚಿಕಿತ್ಸೆ ಸಿಗಬೇಕು ಎಂಬುದು ಎಡದ ಹಳೆಯ ಗುರಿ. ಅದಕ್ಕಾಗಿ ಸರ್ಕಾರವೇ ಎಲ್ಲವನ್ನೂ ನಡೆಸಬೇಕಿಲ್ಲ, ಪ್ರತಿಯೊಬ್ಬರೂ ಖಾಸಗಿ ವಿಮೆ ಕೊಳ್ಳುವುದನ್ನು ಕಡ್ಡಾಯ ಮಾಡಿದರೆ ಸಾಕು ಎಂಬ ಉಪಾಯವನ್ನು ಬಲಪಂಥದ ಚಿಂತನ ಸಂಸ್ಥೆ ಹೆರಿಟೇಜ್ ಫೌಂಡೇಷನ್ 1989ರಲ್ಲಿ ಮುಂದಿಟ್ಟಿತ್ತು. ಆರೋಗ್ಯವಂತರೂ ವಿಮೆಗೆ ಸೇರಿದರೆ ಮಾತ್ರ ಕಾಯಿಲೆಯವರ ಹೊರೆ ಹಂಚಿಹೋಗುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. 2006ರಲ್ಲಿ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ಮ್ಯಾಸಚೂಸೆಟ್ಸ್‌ನಲ್ಲಿ ಅದನ್ನು ಜಾರಿಗೆ ತಂದರು. 2010ರಲ್ಲಿ ಡೆಮಾಕ್ರಟ್ ಅಧ್ಯಕ್ಷ ಬರಾಕ್ ಒಬಾಮ ಇಡೀ ದೇಶಕ್ಕೆ ವಿಸ್ತರಿಸಿದರು.

ಬಲದವರ ಉಪಾಯವನ್ನೇ ಎತ್ತಿಕೊಂಡ ಆ ಮಸೂದೆಯ ಪರವಾಗಿ ಅಂತಿಮ ಮತದಾನದಲ್ಲಿ ಒಬ್ಬ ರಿಪಬ್ಲಿಕನ್ ಸದಸ್ಯರೂ ಕೈ ಎತ್ತಲಿಲ್ಲ. ಕಾನೂನು ಉಳಿಯಿತು, ಕೋಟ್ಯಂತರ ಜನರಿಗೆ ವಿಮೆಯೂ ಸಿಕ್ಕಿತು. ಆದರೆ ವಿಮೆ ಕಡ್ಡಾಯ ಎಂಬ ಅಂಶವೇ ವರ್ಷಗಟ್ಟಲೆ ಕೋರ್ಟಿನಲ್ಲೂ ಬೀದಿಯಲ್ಲೂ ಜಗಳದ ವಸ್ತುವಾಯಿತು.

ಒಳ್ಳೆಯ ಉಪಾಯ ಎರಡೂ ಕಡೆಯಿಂದ ಬಂದಿದ್ದರೆ ಎರಡೂ ಕಡೆಯವರು ಒಪ್ಪುತ್ತಾರೆ ಎಂಬ ನಡುಪಂಥೀಯರ ನಂಬಿಕೆ ಇಲ್ಲಿ ಸುಳ್ಳಾಯಿತು. ಜನ ಪಕ್ಷಗಳಿಗೆ ಅಂಟಿಕೊಳ್ಳುವುದು ಬರೀ ಉಪಾಯಗಳಿಗಾಗಿ ಅಲ್ಲ. ತಮ್ಮವರು ಯಾರು, ತಮ್ಮನ್ನು ಗೌರವಿಸುವವರು ಯಾರು ಎಂಬ ಭಾವನೆ ಅಲ್ಲಿ ಕೆಲಸ ಮಾಡುತ್ತಿರುತ್ತದೆ.

ಮತ ಕಾಲು ಭಾಗ, ಸೀಟು ಬೆರಳೆಣಿಕೆ

ಬ್ರಿಟನ್ನಿನಲ್ಲಿ ಅಡ್ಡಿಯಾದದ್ದು ಚುನಾವಣೆಯ ನಿಯಮವೇ. 1981ರ ಜನವರಿಯಲ್ಲಿ ಲೇಬರ್ ಪಕ್ಷದ ನಾಲ್ವರು ಹಿರಿಯರು, ರಾಯ್ ಜೆಂಕಿನ್ಸ್, ಡೇವಿಡ್ ಓವೆನ್, ಬಿಲ್ ರಾಜರ್ಸ್ ಮತ್ತು ಶರ್ಲಿ ವಿಲಿಯಮ್ಸ್, ಪಕ್ಷ ತೀರಾ ಎಡಕ್ಕೆ ವಾಲಿದೆ ಎಂದು ಸಿಡಿದೆದ್ದರು. ಆಗ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ದೇಶವನ್ನು ಬಲಕ್ಕೆ ಎಳೆಯುತ್ತಿದ್ದರು. ನಾಲ್ವರೂ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಕಟ್ಟಿ, ಲಿಬರಲ್ ಪಕ್ಷದ ಜೊತೆ ಮೈತ್ರಿ ಮಾಡಿಕೊಂಡರು.

1983ರ ಚುನಾವಣೆಯಲ್ಲಿ ಈ ಮೈತ್ರಿಗೆ ಶೇ 25.4ರಷ್ಟು ಮತ ಬಂತು, ಲೇಬರ್‌ಗೆ ಶೇ 27.6. ಅಂತರ ಎರಡೇ ಚಿಲ್ಲರೆ. ಸೀಟುಗಳನ್ನು ನೋಡಿ: ಲೇಬರ್‌ಗೆ 209, ಮೈತ್ರಿಗೆ 23. ಲೇಬರ್ ಮತಗಳು ಗಣಿ, ಕಾರ್ಖಾನೆಗಳ ಊರುಗಳಲ್ಲಿ ಒತ್ತಾಗಿದ್ದವು. ಮೈತ್ರಿಯ ಮತಗಳು ದೇಶದ ತುಂಬ ತೆಳ್ಳಗೆ ಹರಡಿಹೋಗಿದ್ದವು. ಅನೇಕ ಕ್ಷೇತ್ರಗಳಲ್ಲಿ ಎರಡನೇ ಸ್ಥಾನ, ಗೆಲುವು ಮಾತ್ರ ಅಪರೂಪ.

ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರೇ ವಿಜೇತರು ಎಂಬ ಇದೇ ನಿಯಮ ಭಾರತದಲ್ಲೂ ಇದೆ. ಜಾತಿ, ಪ್ರದೇಶ ಅಥವಾ ವರ್ಗದ ಗಟ್ಟಿ ನೆಲೆ ಇಲ್ಲದೆ ‘ಎಲ್ಲರಿಗೂ ಸ್ವಲ್ಪ ಸ್ವಲ್ಪ ಇಷ್ಟ’ವಾಗುವ ಪಕ್ಷ ಇಂಥ ಪದ್ಧತಿಯಲ್ಲಿ ಸೊರಗುತ್ತದೆ. ಕರ್ನಾಟಕದ ಯಾವುದೇ ಮತ ಎಣಿಕೆಯ ದಿನ ಮತಪ್ರಮಾಣವನ್ನೂ ಸೀಟುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಫ್ರಾನ್ಸಿನ ಪ್ರಯೋಗ

ಫ್ರಾನ್ಸಿನ ನಿಯಮ ಬೇರೆ. ಅಲ್ಲಿ ಅಧ್ಯಕ್ಷರ ಆಯ್ಕೆ ಎರಡು ಸುತ್ತಿನಲ್ಲಿ ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲ ಇಬ್ಬರ ನಡುವೆ ಮತ್ತೆ ಸ್ಪರ್ಧೆ. 2017ರ ಮೊದಲ ಸುತ್ತಿನಲ್ಲಿ ಮ್ಯಾಕ್ರನ್ ಪಡೆದದ್ದು ಶೇ 24ರಷ್ಟು ಮಾತ್ರ. ಎರಡನೆಯ ಸುತ್ತಿನಲ್ಲಿ ಎದುರಿಗಿದ್ದವರು ಕಟ್ಟಾ ಬಲದ ಮರೀನ್ ಲೆ ಪೆನ್. ಅವರನ್ನು ತಡೆಯಬೇಕೆಂದು ಎಡದವರೂ ಮಂದಗಾಮಿ ಬಲದವರೂ ಮ್ಯಾಕ್ರನ್ ಅವರಿಗೆ ಮತ ಕೊಟ್ಟರು. ಶೇ 66ರ ಬಹುಪಾಲು ಹೀಗೆ ಎರವಲು ಬಂದದ್ದು. ಮುಂದಿನ ಕಥೆ ಅರ್ಥವಾಗಬೇಕಾದರೆ ಈ ಸಂಗತಿ ನೆನಪಿರಬೇಕು.

ಆರಂಭ ಹುರುಪಿನದಾಗಿತ್ತು. ಬಲದ ಪಕ್ಷದ ಎದುವಾರ್ ಫಿಲಿಪ್ ಪ್ರಧಾನಿಯಾದರು. ಸಮಾಜವಾದಿಗಳೂ ಪರಿಸರವಾದಿ ನಿಕೊಲಾ ಉಲೊ ಅವರೂ ಸಂಪುಟ ಸೇರಿದರು. ಸಂಸತ್ತಿನ 577 ಸೀಟುಗಳಲ್ಲಿ 308 ಹೊಸ ಪಕ್ಷಕ್ಕೇ ಬಂದವು. ಗಣಿತದ ಅತ್ಯುನ್ನತ ಗೌರವವಾದ ಫೀಲ್ಡ್ಸ್ ಪದಕ ಪಡೆದ ಸೆಡ್ರಿಕ್ ವಿಲಾನಿ ಅವರಂಥವರು, ರಾಜಕಾರಣದ ಗಂಧಗಾಳಿ ಇಲ್ಲದವರು, ಸಂಸದರಾದರು.

ನೀತಿಗಳೂ ಎರಡು ಕಡೆಯವೇ. ಹಿಂದುಳಿದ ಬಡಾವಣೆಗಳ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಸಂಖ್ಯೆಯನ್ನು ಹನ್ನೆರಡರ ಆಸುಪಾಸಿಗೆ ಇಳಿಸಿದರು. ಇದು ಎಡಕ್ಕೆ ಪ್ರಿಯ. ನೌಕರರನ್ನು ತೆಗೆಯುವ ನಿಯಮಗಳನ್ನು ಸಡಿಲಿಸಿದರು; ಇದು ಬಲಕ್ಕೆ ಪ್ರಿಯ. ಸಂಸದರು ತಮ್ಮ ಮನೆಯವರನ್ನೇ ಸಹಾಯಕರನ್ನಾಗಿ ನೇಮಿಸಿಕೊಂಡು ಸಂಬಳ ಕೊಡಿಸುವುದನ್ನು ನಿಷೇಧಿಸಿದರು. ಇದು ಎಲ್ಲರಿಗೂ ಪ್ರಿಯ.

ಆದರೆ ತಕ್ಕಮಟ್ಟಿಗೆ ಕಾಯ್ದುಕೊಂಡಿದ್ದ ಈ ಸಮತೋಲ ಹಣಕಾಸಿನಲ್ಲಿ ತಪ್ಪಿತು. ಸಂಪತ್ತಿನ ತೆರಿಗೆಯನ್ನು ರದ್ದು ಮಾಡಿ, ಅದರ ಜಾಗದಲ್ಲಿ ಸ್ಥಿರಾಸ್ತಿಗೆ ಮಾತ್ರ ತೆರಿಗೆ ಉಳಿಸಿದರು. ಹೂಡಿಕೆ ಬರುತ್ತದೆ, ಉದ್ಯೋಗ ಹುಟ್ಟುತ್ತದೆ ಎಂಬುದು ವಾದ. ಅದೇ ಹೊತ್ತಿಗೆ ಬಾಡಿಗೆದಾರರಿಗೆ ಕೊಡುತ್ತಿದ್ದ ವಸತಿ ನೆರವಿನಲ್ಲಿ ತಿಂಗಳಿಗೆ 5 ಯೂರೊ ಕಡಿತವಾಯಿತು. ಸಿರಿವಂತರಿಗೆ ವಿನಾಯಿತಿ, ಬಾಡಿಗೆ ಮನೆಯವರಿಗೆ ಕಡಿತ ಎಂಬ ಚಿತ್ರ ಜನರ ಮನಸ್ಸಿನಲ್ಲಿ ಅಚ್ಚೊತ್ತಿತು.

ತಿಂಗಳ ಕೊನೆಯ ಲೆಕ್ಕ

2018ರಲ್ಲಿ ಇಂಧನ ತೆರಿಗೆ ಏರಿತು, 2019ರ ಜನವರಿಗೆ ಇನ್ನಷ್ಟು ಏರಿಕೆ ನಿಗದಿಯಾಗಿತ್ತು. ಭೂಮಿ ಬಿಸಿಯೇರುವುದನ್ನು ತಡೆಯಲು ಇದು ಬೇಕು ಎಂದು ಸರ್ಕಾರ ಹೇಳಿತು. ಅರ್ಥಶಾಸ್ತ್ರದ ಪ್ರಕಾರ ಸರಿಯಾದ ಮಾತು. ಆದರೆ ರೈಲು, ಬಸ್ಸು ಇಲ್ಲದ ಸಣ್ಣ ಊರುಗಳಲ್ಲಿ ದಿನಾ ಹತ್ತಾರು ಕಿಲೊಮೀಟರ್ ಕಾರು ಓಡಿಸಿಕೊಂಡು ಕೆಲಸಕ್ಕೆ ಹೋಗುವವರ ಬಳಿ ಬೇರೆ ದಾರಿ ಇರಲಿಲ್ಲ.

ನವೆಂಬರ್ 17ರಂದು ಅವರು ಬೀದಿಗಿಳಿದರು. ಅಲ್ಲಿ ಪ್ರತಿ ಕಾರಿನಲ್ಲೂ ಹೊಳೆಯುವ ಸುರಕ್ಷತಾ ಅಂಗಿಯೊಂದು ಕಡ್ಡಾಯವಾಗಿ ಇರಬೇಕು. ಆ ಹಳದಿ ಅಂಗಿಯನ್ನೇ ತೊಟ್ಟು ದೇಶದ ತುಂಬ ರಸ್ತೆ ವೃತ್ತಗಳನ್ನು ಆಕ್ರಮಿಸಿದರು. ಮೊದಲ ದಿನವೇ 2.8 ಲಕ್ಷ ಮಂದಿ ಸೇರಿದ್ದರೆಂದು ಗೃಹ ಸಚಿವಾಲಯ ಲೆಕ್ಕ ಕೊಟ್ಟಿತು. ನಿಮಗೆ ಲೋಕದ ಕೊನೆಯ ಚಿಂತೆ, ನಮಗೆ ತಿಂಗಳ ಕೊನೆಯ ಚಿಂತೆ ಎಂಬುದು ಅವರ ಅಳಲು. ಡಿಸೆಂಬರಿನಲ್ಲಿ ಸರ್ಕಾರ ತೆರಿಗೆ ಏರಿಕೆಯನ್ನು ಕೈಬಿಟ್ಟಿತು.

ಆಗ ಮ್ಯಾಕ್ರನ್ ಒಳ್ಳೆಯ ದಾರಿಯೊಂದನ್ನು ಹಿಡಿದರು. ಊರೂರಿನಲ್ಲಿ ಮಹಾಚರ್ಚೆಯ ಸಭೆಗಳು ನಡೆದವು. ನಂತರ ಲಾಟರಿಯ ಮೂಲಕ ಆಯ್ದ 150 ಸಾಮಾನ್ಯ ನಾಗರಿಕರನ್ನು ಒಂದೆಡೆ ಕೂರಿಸಿ, ಹವಾಮಾನ ಬಿಕ್ಕಟ್ಟಿಗೆ ನ್ಯಾಯವಾದ ಪರಿಹಾರ ಹುಡುಕಿ ಎಂದರು. ತಿಂಗಳುಗಟ್ಟಲೆ ತಜ್ಞರ ಮಾತು ಕೇಳಿ, ವಾದಿಸಿ, 2020ರ ಜೂನ್‌ನಲ್ಲಿ ಅವರು 149 ಸಲಹೆಗಳನ್ನು ಕೊಟ್ಟರು.

ಸಲಹೆಗಳನ್ನು ಸೋಸದೆ ಸಂಸತ್ತಿನ ಮುಂದೆ ಇಡುವುದಾಗಿ ಅಧ್ಯಕ್ಷರು ಮಾತು ಕೊಟ್ಟಿದ್ದರು. ಮೂರನ್ನು ಆರಂಭದಲ್ಲೇ ತಳ್ಳಿಹಾಕಿದರು, ಇನ್ನೂ ಹಲವನ್ನು ಕಾನೂನಾಗುವ ಹಾದಿಯಲ್ಲಿ ತೆಳುವಾಗಿಸಿದರು. ಸರ್ಕಾರ ತಮ್ಮ ಸಲಹೆಗಳನ್ನು ಎಷ್ಟರಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡಿತು ಎಂಬುದಕ್ಕೆ 2021ರಲ್ಲಿ ಆ ನಾಗರಿಕರೇ ಅಂಕ ಕೊಟ್ಟರು: 10ಕ್ಕೆ 3.3.

2023ರಲ್ಲಿ ಪಿಂಚಣಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವಾಗಲಂತೂ ಕೆಳಮನೆಯ ಅಂತಿಮ ಮತದಾನವನ್ನೇ ಬದಿಗೊತ್ತಿ, ಸಂವಿಧಾನದ 49.3ನೇ ವಿಧಿಯ ಬಲದಿಂದ ಕಾನೂನು ತಂದರು. ಲಕ್ಷಾಂತರ ಜನ ಬೀದಿಯಲ್ಲಿದ್ದರು. 2025ರ ಅಕ್ಟೋಬರಿನಲ್ಲಿ ಪ್ರಧಾನಿ ಸೆಬಾಸ್ಟಿಯನ್ ಲೆಕೊರ್ನು ಸರ್ಕಾರ ಉಳಿಸಿಕೊಳ್ಳಲು ಅದೇ ಸುಧಾರಣೆಯನ್ನು ತಡೆಹಿಡಿಯುವುದಾಗಿ ಘೋಷಿಸಬೇಕಾಯಿತು.

ಎದುರಾಳಿ ಇಲ್ಲದ ಕಣ

ಈ ಎಲ್ಲದಕ್ಕಿಂತ ಆಳವಾದ ಪರಿಣಾಮ ಇನ್ನೊಂದಿದೆ. ನಡುವಿನ ಪಕ್ಷವೊಂದು ಎಡ–ಬಲಗಳ ಮಂದಗಾಮಿ ನಾಯಕರನ್ನೆಲ್ಲ ತನ್ನತ್ತ ಸೆಳೆದುಕೊಂಡರೆ ಆ ಎರಡು ಹಳೆಯ ಪಕ್ಷಗಳು ಬರಿದಾಗುತ್ತವೆ. 2022ರ ಅಧ್ಯಕ್ಷೀಯ ಚುನಾವಣೆಯಲ್ಲಿ ಸಮಾಜವಾದಿ ಅಭ್ಯರ್ಥಿಗೆ ಬಂದದ್ದು ಶೇ 1.75 ಮತ. ಸಾಂಪ್ರದಾಯಿಕ ಬಲದ ಅಭ್ಯರ್ಥಿಗೆ ಶೇ 4.8. ಸರ್ಕಾರದ ಮೇಲೆ ಬೇಸರಗೊಂಡ ಮತದಾರರು ಹೋಗುವುದಾದರೂ ಎಲ್ಲಿಗೆ? ಅಂಚಿಗೆ.

ಲೆ ಪೆನ್ ಮನೆತನದ ಅಭ್ಯರ್ಥಿ ಅಂತಿಮ ಸುತ್ತು ತಲುಪಿದ್ದು ಮೂರು ಬಾರಿ. 2002ರಲ್ಲಿ ತಂದೆ ಜಾನ್ ಮರೀ ಲೆ ಪೆನ್ ಪಡೆದದ್ದು ಶೇ 17.8. ಮಗಳು 2017ರಲ್ಲಿ ಶೇ 33.9, 2022ರಲ್ಲಿ ಶೇ 41.5 ಪಡೆದರು. ಸಂಸತ್ತಿನಲ್ಲಿ 2017ರಲ್ಲಿ 8 ಇದ್ದ ಅವರ ಪಕ್ಷದ ಬಲ 2022ರಲ್ಲಿ 89ಕ್ಕೆ ಏರಿತು, 2024ರಲ್ಲಿ 120 ದಾಟಿತು. 2024ರ ಜೂನ್‌ನಲ್ಲಿ ಮ್ಯಾಕ್ರನ್ ಸಂಸತ್ತನ್ನು ವಿಸರ್ಜಿಸಿದ ಮೇಲೆ ಬಂದ ಸಭೆಯಲ್ಲಿ ಎಡ, ನಡು, ಕಟ್ಟಾ ಬಲ ಎಂದು ಮೂರು ಹೋಳು, ಯಾರಿಗೂ ಬಹುಮತವಿಲ್ಲ. 2024ರ ಡಿಸೆಂಬರಿನಲ್ಲಿ ಮಿಷೆಲ್ ಬಾರ್ನಿಯೆ ಸರ್ಕಾರ ಬಿತ್ತು. ಮೂರು ಬಾರಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ, ಜೀವನವಿಡೀ ನಡುಪಂಥದ ಬಾವುಟ ಹಿಡಿದಿದ್ದ ಫ್ರಾನ್ಸುವಾ ಬೈರು ಅವರ ಸರ್ಕಾರವೂ 2025ರ ಸೆಪ್ಟೆಂಬರಿನಲ್ಲಿ ವಿಶ್ವಾಸಮತ ಕಳೆದುಕೊಂಡಿತು.

ಬೆಲ್ಜಿಯಂ ಮೂಲದ ರಾಜಕೀಯ ಚಿಂತಕಿ ಶಾಂತಾಲ್ ಮೂಫ್ ಈ ಅಪಾಯವನ್ನು ಎರಡು ದಶಕಗಳ ಹಿಂದೆಯೇ ಗುರುತಿಸಿದ್ದರು. ಪ್ರಜಾಪ್ರಭುತ್ವಕ್ಕೆ ನಿಜವಾದ ಎದುರಾಳಿಗಳು ಬೇಕು. ಎಲ್ಲರೂ ನಡುವಿಗೆ ಬಂದು ಕೂತರೆ ಜನರ ಸಿಟ್ಟಿಗೆ ಗೌರವದ ದಾರಿ ಉಳಿಯುವುದಿಲ್ಲ, ಅದು ಉಗ್ರ ಬಲದ ಕಡೆಗೆ ಹರಿಯುತ್ತದೆ ಎಂಬುದು ಅವರ ವಾದ. ಲೇಖಕ ತಾರಿಕ್ ಅಲಿ 2015ರಲ್ಲಿ ಇನ್ನೂ ಕಟುವಾಗಿ, ಎರಡು ಪಕ್ಷಗಳೂ ಒಂದೇ ಆರ್ಥಿಕ ನೀತಿಗೆ ಜೋತುಬೀಳುವ ಸ್ಥಿತಿಯನ್ನು ‘ಉಗ್ರ ನಡುಪಂಥ’ ಎಂದೇ ಕರೆದರು.

ಈ ಟೀಕೆಯನ್ನು ನಡುಪಂಥದ ಅಭಿಮಾನಿಗಳು ಎದೆಗೆ ಹಚ್ಚಿಕೊಳ್ಳಬೇಕು. ಎಡ–ಬಲ ಎರಡರ ಜಾಣತನವೂ ತನ್ನಲ್ಲಿದೆ ಎಂದುಕೊಂಡ ಸರ್ಕಾರಕ್ಕೆ, ವಿರೋಧಿಸುವವರೆಲ್ಲ ಒಂದೋ ಅಜ್ಞಾನಿಗಳು ಇಲ್ಲವೇ ಉಗ್ರರು ಎಂದು ಕಾಣತೊಡಗುತ್ತದೆ. ಅಲ್ಲಿಂದ ಅಹಂಕಾರಕ್ಕೆ ಒಂದೇ ಹೆಜ್ಜೆ.

ಬೆಳಗಾವಿಯ ಮಗಳು, ಐರ್ಲೆಂಡಿನ 99 ಮಂದಿ

ಹಾಗಾದರೆ ಈ ವಿಚಾರ ಸೋತಂತೆಯೇ? ನನ್ನ ಉತ್ತರ ಇಲ್ಲ ಎಂದು. ಅದಕ್ಕೆ ಸಾಕ್ಷಿ ಐರ್ಲೆಂಡ್. ಅಲ್ಲಿ ಯಾರೂ ತಮ್ಮನ್ನು ಆಮೂಲಾಗ್ರ ನಡುಪಂಥದವರು ಎಂದು ಕರೆದುಕೊಳ್ಳಲಿಲ್ಲ. ಆದರೆ ಆ ಪಂಥದ ಅತ್ಯುತ್ತಮ ಗುಣ ಅಲ್ಲಿ ಕೆಲಸ ಮಾಡಿತು.

1983ರಲ್ಲಿ ಐರ್ಲೆಂಡ್ ತನ್ನ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ತಂದು, ಭ್ರೂಣದ ಜೀವವನ್ನೂ ತಾಯಿಯ ಜೀವವನ್ನೂ ಸಮಾನ ಎಂದಿತು. ಗರ್ಭಪಾತಕ್ಕೆ ದಾರಿ ಮುಚ್ಚಿತು. ಮೂರು ದಶಕಗಳ ಕಾಲ ರಾಜಕಾರಣಿಗಳು ಆ ಪ್ರಶ್ನೆಯನ್ನು ಬಗೆಹರಿಸಲು ಹೆದರಿದರು.

2012ರ ಅಕ್ಟೋಬರ್ 28ರಂದು ಗಾಲ್ವೆಯ ಆಸ್ಪತ್ರೆಯಲ್ಲಿ ಸವಿತಾ ಹಾಲಪ್ಪನವರ ತೀರಿಕೊಂಡರು. ಬೆಳಗಾವಿಯ ಮನೆಮಗಳು, ದಂತವೈದ್ಯೆ, 31 ವರ್ಷ. 17 ವಾರಗಳ ಗರ್ಭ ಉಳಿಯುವುದಿಲ್ಲ ಎಂದು ಖಚಿತವಾಗಿದ್ದರೂ, ಭ್ರೂಣದ ಹೃದಯಬಡಿತ ಇದೆ ಎಂಬ ಕಾರಣಕ್ಕೆ ಅವರು ಕೇಳಿದ ಗರ್ಭಪಾತವನ್ನು ವೈದ್ಯರು ನಿರಾಕರಿಸಿದ್ದರು. ಸೋಂಕು ರಕ್ತಕ್ಕೆ ಏರಿತ್ತು. ಬೆಳಗಾವಿಯಲ್ಲಿ ಹೆತ್ತವರು ಅತ್ತರು, ಡಬ್ಲಿನ್ನಿನ ಬೀದಿಗಳಲ್ಲಿ ಸಾವಿರಾರು ಜನ ಸವಿತಾ ಅವರ ಚಿತ್ರ ಹಿಡಿದು ನಿಂತರು.

2013ರಲ್ಲಿ ಬಂದದ್ದು ರಾಜಿ ಕಾನೂನು: ತಾಯಿಯ ಜೀವಕ್ಕೇ ಅಪಾಯವಿದ್ದರೆ ಮಾತ್ರ ಗರ್ಭಪಾತಕ್ಕೆ ಅವಕಾಶ. ಪ್ರಶ್ನೆ ಬಗೆಹರಿಯಲಿಲ್ಲ. 2016ರಲ್ಲಿ ಸರ್ಕಾರ ನಾಗರಿಕರ ಸಭೆ ರಚಿಸಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಮೇರಿ ಲಫಾಯ್ ಅಧ್ಯಕ್ಷರು. ಸದಸ್ಯರು 99 ಮಂದಿ ಸಾಮಾನ್ಯ ಜನ. ವಯಸ್ಸು, ಲಿಂಗ, ಊರು, ವರ್ಗ ಎಲ್ಲದರಲ್ಲೂ ದೇಶವನ್ನು ಪ್ರತಿನಿಧಿಸುವಂತೆ ಅವರನ್ನು ಆಯ್ದಿದ್ದರು.

ಐದು ವಾರಾಂತ್ಯ ಅವರು ಡಬ್ಲಿನ್ ಸಮೀಪದ ಹೋಟೆಲೊಂದರಲ್ಲಿ ದುಂಡುಮೇಜುಗಳ ಸುತ್ತ ಕೂತರು. ವೈದ್ಯರು, ವಕೀಲರು, ಪರ–ವಿರೋಧ ಎರಡೂ ಸಂಘಟನೆಗಳವರು ಬಂದು ಮಾತಾಡಿದರು. ಅನುಭವಿಸಿದ ಮಹಿಳೆಯರ ದನಿಗಳನ್ನು ಕೇಳಿಸಿಕೊಂಡರು. ಈ ಮಂಡನೆಗಳು ಬಹಿರಂಗವಾಗಿ ನಡೆದವು. 2017ರ ಏಪ್ರಿಲ್‌ನಲ್ಲಿ ಸದಸ್ಯರಲ್ಲಿ ಶೇ 87ರಷ್ಟು ಮಂದಿ ತಿದ್ದುಪಡಿ ಈಗಿರುವಂತೆ ಉಳಿಯಬಾರದು ಎಂದರು. ಕಾರಣ ಕೇಳದೆ ಗರ್ಭಪಾತಕ್ಕೆ ಅವಕಾಶವಿರಲಿ ಎಂದು ಶೇ 64ರಷ್ಟು ಮಂದಿ ಹೇಳಿದರು. ರಾಜಕಾರಣಿಗಳು ಊಹಿಸಿದ್ದಕ್ಕಿಂತ ಬಹಳ ಮುಂದೆ ಹೋದ ಶಿಫಾರಸು ಅದು.

2018ರ ಮೇ 25ರಂದು ಇಡೀ ದೇಶ ಮತ ಹಾಕಿತು. ತಿದ್ದುಪಡಿ ರದ್ದಾಗಲಿ ಎಂದವರು ಶೇ 66.4. ನಾಗರಿಕರ ಸಭೆಗೂ ದೇಶಕ್ಕೂ ಬಹುತೇಕ ಒಂದೇ ಮನಸ್ಸಿತ್ತು. ವಿರೋಧಿಸಿದವರಿಗೂ ತಮ್ಮ ಮಾತನ್ನು ಪೂರ್ತಿ ಹೇಳುವ ಜಾಗ ಸಿಕ್ಕಿತ್ತು. ಸೋತವರು ಸೋಲನ್ನು ಒಪ್ಪಿದರು, ಹಳೆಯ ಪಕ್ಷಗಳೂ ತಮ್ಮ ಜಾಗದಲ್ಲೇ ಉಳಿದವು.

ಕೇಳಬೇಕಾದ ಮೂರು ಪ್ರಶ್ನೆಗಳು

ಫ್ರಾನ್ಸ್ ಮತ್ತು ಐರ್ಲೆಂಡ್ ಎರಡೂ ನಾಗರಿಕರನ್ನು ಕರೆದು ಕೂರಿಸಿದವು. ಒಂದು ಕಡೆ ಅಧಿಕಾರ ಉತ್ತರವನ್ನು ಮೊದಲೇ ಸಿದ್ಧಪಡಿಸಿಕೊಂಡು ತನಗೆ ಒಪ್ಪಿಗೆಯಾದಷ್ಟನ್ನು ತೆಗೆದುಕೊಂಡಿತು. ಇನ್ನೊಂದು ಕಡೆ ಅಧಿಕಾರ ಪ್ರಶ್ನೆಯನ್ನು ಕೊಟ್ಟು ಉತ್ತರಕ್ಕೆ ಕಾಯಿತು, ಬಂದ ಉತ್ತರವನ್ನು ಮತದಾರರ ಮುಂದೆ ಇಟ್ಟಿತು. ಈ ಪಂಥ ಬದುಕುವುದೂ ಸಾಯುವುದೂ ಈ ವ್ಯತ್ಯಾಸದಲ್ಲಿ.

ಆದ್ದರಿಂದ ‘ನಾನು ಎಡವೂ ಅಲ್ಲ, ಬಲವೂ ಅಲ್ಲ’ ಎನ್ನುವ ಯಾರೇ ಮತ ಕೇಳಲು ಬಂದರೂ ಮೂರು ಪ್ರಶ್ನೆ ಕೇಳೋಣ. ಎರಡೂ ಕಡೆಯಿಂದ ನೀವು ಒಪ್ಪಿಕೊಂಡ ಸತ್ಯ ಯಾವುದು? ಹೆಸರಿಸಿ ಹೇಳಿ. ನಿಮ್ಮ ಸುಧಾರಣೆಯ ಖರ್ಚು ಯಾರ ಜೇಬಿನಿಂದ ಹೋಗುತ್ತದೆ, ತೀರ್ಮಾನ ಮಾಡುವಾಗ ಅವರನ್ನು ಕೂರಿಸಿಕೊಂಡಿದ್ದಿರಾ? ನೀವು ಸೋತರೆ ನಾವು ಭಯವಿಲ್ಲದೆ ಆರಿಸಬಹುದಾದ ಎದುರಾಳಿಯನ್ನು ಉಳಿಸುತ್ತೀರಾ?

ಮೊದಲ ಪ್ರಶ್ನೆಗೆ ಉತ್ತರವಿಲ್ಲದವರು ಅವಕಾಶವಾದಿಗಳು. ಎರಡನೆಯದಕ್ಕೆ ಇಲ್ಲದವರು ಜನರಿಂದ ದೂರವಾದ ಜಾಣರು. ಮೂರನೆಯದಕ್ಕೆ ಇಲ್ಲದವರು ಪ್ರಜಾಪ್ರಭುತ್ವಕ್ಕೇ ಅಪಾಯ. ಮೂರಕ್ಕೂ ನೇರವಾಗಿ ಉತ್ತರಿಸಬಲ್ಲವರು ಬಂದರೆ, ಅವರು ಯಾವ ಪಕ್ಷದಲ್ಲೇ ಇರಲಿ, ಅವರ ಮಾತಿಗೆ ಕಿವಿಗೊಡೋಣ. ಎದುರಿನವರ ಮಾತಿನಲ್ಲಿ ಸತ್ಯವಿರಬಹುದು ಎಂದು ಒಪ್ಪುವ, ಆ ಸತ್ಯಕ್ಕಾಗಿ ತನ್ನ ಪಂಗಡವನ್ನೇ ಎದುರು ಹಾಕಿಕೊಳ್ಳುವ ಧೈರ್ಯ ಇಂದಿನ ರಾಜಕಾರಣದಲ್ಲಿ ಅಪರೂಪ. ಆ ಧೈರ್ಯವನ್ನು ಮೊದಲು ಮತದಾರರಾದ ನಾವೇ ರೂಢಿಸಿಕೊಳ್ಳಬೇಕು. ಅದನ್ನು ಬೇಡುವ ಮತದಾರರಿದ್ದರೆ ಮಾತ್ರ ಅಂಥ ನಾಯಕರು ಹುಟ್ಟುತ್ತಾರೆ.